ಬಾಗಿಲ ಬಳಿ ಮಾರುತ್ತಿರುವ ಆರ್ಲಿಸ್‌ನ ಹತ್ತು ಹಾಡು

ಪಾದ್ರಿಗಳಾದ ಸಹೋದರ ಹೋಬರ್ಟ್ ಅವರಿಗೆ, ಮುಂದಿನ ಸಾಲಿನಲ್ಲಿ ಕುಳಿತಿರುವ ಆರ್ಲಿಸ್‌ನ ಹೆಂಡತಿ ನೋವೆಲಾ ಅತ್ತಿಗೆಗೆ, ಅವರ ಮಗಳು ಟ್ವೈಲಾಗೆ, ಕೆಂಟಕಿಯ ಈ ಗುಡ್ಡಗಳಿಂದಲೂ ಓಹಾಯೊದಿಂದಲೂ ಕಾರು ಓಡಿಸಿಕೊಂಡು ಬಂದ ನಿಮಗೆಲ್ಲರಿಗೂ — ವೆಂಡಲ್ ಕ್ರಮ್‌ನ ವಂದನೆಗಳು. ಈ ಫೈರ್ ಸ್ಟೇಷನ್ನಿನೊಳಗೆ ನಮಗೆ ಜಾಗ ಮಾಡಿಕೊಡಲು ಎರಡು ಫೈರ್ ಇಂಜಿನ್‌ಗಳನ್ನು ಹೊರಗಿನ ಇಳಿಜಾರಿನಲ್ಲಿ ನಿಲ್ಲಿಸಿರುವ ಡಾರ್ಸಿಗೂ ವಂದನೆ. ಚಕ್ರಕ್ಕೆ ಕಲ್ಲು ಕೊಟ್ಟಿದ್ದೀಯ ತಾನೆ, ಡಾರ್ಸಿ? — ಕೊಟ್ಟಿದ್ದಾನಂತೆ. ಸರಿ.

ಆರ್ಲಿಸ್‌ನನ್ನು ಬೀಳ್ಕೊಡಲು ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಆರನೆಯ ತರಗತಿಯ ನಡುವೆ ಶಾಲೆ ಬಿಟ್ಟು ತಂಬಾಕಿನ ಹೊಲಕ್ಕೆ ಇಳಿದವನು ನಾನು. ಆಮೇಲೆ ಇನ್ನೆರಡು ಚಳಿಗಾಲ ಹೋದೆ, ಮತ್ತೆ ಬಿಟ್ಟೆ. ಅದಕ್ಕೇ ಬರೆದುಕೊಂಡು ಬಂದಿದ್ದೇನೆ. ನಾಲ್ಕು ಸಲ ಬರೆದೆ. ಮೂರನ್ನು ಒಲೆಗೆ ಹಾಕಿದೆ. ಆ ಮೂರರಲ್ಲೂ ಹೇಳಬೇಕಾದದ್ದನ್ನು ಬಿಟ್ಟು ಉಳಿದದ್ದೆಲ್ಲ ಇತ್ತು.

ಆರ್ಲಿಸ್ ಟ್ಯಾಕೆಟ್‌ನ ಎಡಗಡೆ ಇಪ್ಪತ್ತಾರು ವರ್ಷ ನಿಂತು ಬಾಸ್ ಗಿಟಾರ್ ನುಡಿಸಿದವನು ನಾನು. ಅವನ ದನಿಯ ಕೆಳಗೆ ಎರಡನೆಯ ದನಿ ಸೇರಿಸುತ್ತಿದ್ದವನೂ ನಾನೇ. ಅವನು ಹಾಡು ಬರೆಯುವುದನ್ನು ಕಣ್ಣಾರೆ ಕಂಡಿದ್ದೇನೆ. ಒಮ್ಮೆ ನಾಕ್ಸ್‌ವಿಲ್ ದಾರಿಯಲ್ಲಿ ನಮ್ಮ ಬಸ್ಸಿನ ಟೈರು ಒಡೆಯಿತು. ಬಿಸಿಲೋ ಬಿಸಿಲು. ನಾವೆಲ್ಲ ಬೆವರು ಸುರಿಸುತ್ತಿದ್ದರೆ ಇವನು ರಸ್ತೆಯ ಬದಿಯಲ್ಲಿ — ಹೀಗೆ, ಮಂಡಿಯ ಮೇಲೆ ಹಾಳೆ ಇಟ್ಟುಕೊಂಡು — ಬರೆಯುತ್ತಾ ಕೂತ. ಚಾಲಕ ಬಂದು, “ಸಾರ್, ನೀವು ಕೂತಿರೋದೇ ಬದಲಿ ಚಕ್ರದ ಮೇಲೆ, ಸ್ವಲ್ಪ ಏಳ್ತೀರಾ?” ಅಂದ. ಇವನು ತಲೆ ಎತ್ತದೆ, “ಒಂದೇ ಒಂದು ಸಾಲು ಕಣಯ್ಯ. ಬಸ್ಸಿಗೇನು ಹೆರಿಗೆ ನೋವಾ?” ಅಂದ. ಮುಕ್ಕಾಲು ಗಂಟೆ ಕಾದೆವು. ಆ ಸಾಲು ‘ಸೇತುವೆಯಾಚೆಯ ದೀಪ’ದ ಕೊನೆಯ ಸಾಲು.

ನಿಮ್ಮ ಕೈಯಲ್ಲಿರುವ ಕಾರ್ಯಕ್ರಮದ ಹಾಳೆಯಲ್ಲಿ ಕೊನೆಗೆ ಅದೇ ಹಾಡಿದೆ. ಎರಡು ನಿಮಿಷದ ಮೌನದ ನಂತರ ಕ್ಯಾಸೆಟ್ಟಿನಿಂದ ಅದನ್ನು ಹಾಕುತ್ತಾರೆ. ನಾಳೆ ಗುಡ್ಡದ ಮೇಲೆ, ಪೆಟ್ಟಿಗೆ ಮಣ್ಣಿಗಿಳಿಯುವಾಗಲೂ ಹಾಕುತ್ತಾರೆ. ಬೆಳಿಗ್ಗೆ ಟ್ವೈಲಾ ನನ್ನ ಕೈ ಹಿಡಿದು ಹೇಳಿದಳು — “ವೆಂಡಲ್ ಮಾವ, ಯಾರೂ ಹಾಡೋದು ಬೇಡ. ಕೊನೇಲಿ ಅಪ್ಪನ ದನೀನೇ ಇರ್ಲಿ.” ನಾನು ತಲೆಯಾಡಿಸಿದೆ. ಆಮೇಲೆ ನಿಮ್ಮಲ್ಲಿ ಯಾರೋ ಪುಣ್ಯಾತ್ಗಿತ್ತಿ ತಟ್ಟೆ ತುಂಬ ಬೀನ್ಸು, ಜೋಳದ ರೊಟ್ಟಿ ಹಾಕಿಕೊಟ್ಟರು. ಮುಟ್ಟದೆ ಹಾಗೇ ಇಟ್ಟುಬಂದೆ.

ಟ್ವೈಲಾ, ಆ ದನಿ ನಿನ್ನ ಅಪ್ಪನದಲ್ಲ, ಮಗಳೇ. ಅದು ನನ್ನದು.

— ದಯವಿಟ್ಟು ಕೂತುಕೊಳ್ಳಿ. ಹೇಳಿಬಿಡುತ್ತೇನೆ. ಈಗ ನಿಲ್ಲಿಸಿದರೆ ಮತ್ತೆ ನನಗೆ ಧೈರ್ಯ ಬರುವುದಿಲ್ಲ.

ಎಪ್ಪತ್ತೆಂಟನೆಯ ಇಸವಿ, ಮಾರ್ಚ್. ಅವನ ಹಳೆಯ ರೆಕಾರ್ಡುಗಳೆಲ್ಲ ಮೊದಲಿನ ಕಂಪನಿಯ ಬೀರುವಿನಲ್ಲಿದ್ದವು. ಅವರು ಮಾರಲೂ ಇಲ್ಲ, ಬಿಡಲೂ ಇಲ್ಲ. ಇನ್ನೊಂದು ಕಂಪನಿ ಕರೆದು, ಅವುಗಳಲ್ಲಿ ಹತ್ತು ಹಾಡು ಹೊಸದಾಗಿ ಹಾಡಿಕೊಡಿ, ‘ಆರ್ಲಿಸ್‌ನ ಅತ್ಯುತ್ತಮ ಹಾಡುಗಳು’ ಎಂದು ತರುತ್ತೇವೆ ಅಂದಿತು. ನಮ್ಮ ಕಸುಬಿನಲ್ಲಿ ಎಲ್ಲರೂ ಮಾಡಿದ ಕೆಲಸ, ತಪ್ಪೇನಿಲ್ಲ. ಆದರೆ ಆಗಷ್ಟೇ ಅವನ ಗಂಟಲಿನ ಗಂಟು ತೆಗೆದಿದ್ದರು. ಮೂರು ತಿಂಗಳು ಬಾಯಿ ಬಿಡಬೇಡ ಎಂದಿದ್ದರು ಡಾಕ್ಟರು. ಆಗಿದ್ದದ್ದು ಐದು ವಾರ. ಸ್ಟುಡಿಯೋ ಎರಡು ದಿನಕ್ಕೆ ಮಾತ್ರ ಸಿಕ್ಕಿತ್ತು. ಮಧ್ಯಾಹ್ನದೊಳಗೆ ಮೂರು ಹಾಡು ಹಾಡಿದ. ತುಕ್ಕು ಹಿಡಿದ ಗೇಟಿನ ದನಿ. ನಾಲ್ಕನೆಯದರಲ್ಲಿ ಬರೀ ಗಾಳಿ ಬಂತು.

ಆಗ ಕಂಪನಿಯವರು ನನ್ನ ಹತ್ತಿರ ಬಂದರು. ಹೆಸರು ಹೇಳುವುದಿಲ್ಲ, ನಾಲ್ಕನೆಯ ಸಾಲಿನಲ್ಲಿ ಕೂತಿದ್ದಾರೆ. “ಬಸ್ಸಲ್ಲಿ ಅವನನ್ನ ಅಣಕಿಸ್ತೀಯಂತಲ್ಲ,” ಅಂದರು. “ಕಣ್ಣು ಮುಚ್ಚಿಕೊಂಡ್ರೆ ಅವನೇ ಅನ್ಸುತ್ತಂತೆ. ಒಂದು ಸ್ವಲ್ಪ ಅಣಕಿಸು ನೋಡೋಣ.” ನಾನು ಅಣಕಿಸುತ್ತಿದ್ದದ್ದು ನಿಜ, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಆರ್ಲಿಸನೇ. ಅವನು ಗಾಜಿನ ಆಚೆ ಕೂತಿದ್ದ, ಮಾತಾಡುವ ಹಾಗಿಲ್ಲವಲ್ಲ, ಕೈಯಲ್ಲೊಂದು ಚೀಟಿ ಪುಸ್ತಕ. ನಾನು ಅವನ ಮುಖ ನೋಡಿದೆ. ಅವನು ಬರೆದು ಗಾಜಿಗೆ ಒತ್ತಿ ಹಿಡಿದ — “ಮುಗಿಸು, ಮನೆಗೆ ಹೋಗೋಣ.”

ಉಳಿದ ಏಳು ಹಾಡು ನಾನು ಹಾಡಿದೆ. ‘ಸೇತುವೆಯಾಚೆಯ ದೀಪ’ವೂ ಅದರಲ್ಲೊಂದು.

ಅಣಕಿಸುವವನು ಏನು ಮಾಡುತ್ತಾನೆ ಗೊತ್ತೇ? ಒಬ್ಬನಲ್ಲಿ ಅಪರೂಪಕ್ಕೆ ಕಾಣುವುದನ್ನು ಎತ್ತಿಕೊಂಡು ಎಲ್ಲ ಕಡೆ ಮೆತ್ತುತ್ತಾನೆ. ಆರ್ಲಿಸ್‌ಗೆ ಸಾಲಿನ ಕೊನೆಯಲ್ಲಿ ದನಿ ಒಂದಿಷ್ಟು ಮೇಲಕ್ಕೆ ಮುರಿಯುತ್ತಿತ್ತು. ಇಡೀ ಹಾಡಿನಲ್ಲಿ ಒಂದು ಸಲ, ಹೆಚ್ಚೆಂದರೆ ಎರಡು, ತಡೆಯಲಾಗದೆ ಹೋದಾಗ ಮಾತ್ರ. ನಾನು ಪ್ರತಿ ಸಾಲಿಗೂ ಮುರಿದೆ. ಕೇಕಿನ ಮೇಲೆ ಸಕ್ಕರೆ ಉದುರಿಸಿದ ಹಾಗೆ.

ಕ್ಯಾಸೆಟ್ಟು ಖರ್ಚಾಯಿತು ನೋಡಿ. ಲಾರಿಗಳು ನಿಲ್ಲುವ ಪ್ರತಿ ಪೆಟ್ರೋಲ್ ಬಂಕಿನಲ್ಲೂ ಕಡಲೆಕಾಯಿ ಪೊಟ್ಟಣದ ಪಕ್ಕ ಅದು. ಮೂರು ಹಾಡು ಮೊದಲಿಗಿದ್ದವಲ್ಲ, ಅವನೇ ಹಾಡಿದವು — ಜನ ಅವನ್ನು ಓಡಿಸಿ ಮುಂದಕ್ಕೆ ಹೋಗುತ್ತಿದ್ದರು. “ಮೊದಲಿನ ಮೂರು ಸರಿಯಿಲ್ಲ, ನಾಲ್ಕರಿಂದ ಕೇಳು,” ಎಂದು ಒಬ್ಬರಿಗೊಬ್ಬರು ಹೇಳುತ್ತಿದ್ದರು. ನನ್ನ ಎದುರಿಗೇ ಹೇಳಿದ್ದಾರೆ.

ಅವನ ಗಂಟಲು ವಾಸಿಯಾಯಿತು, ಮತ್ತೆ ಊರೂರು ತಿರುಗಿದೆವು. ಓಹಾಯೊದ ಒಂದು ಕಡೆ ಹಾಡು ಮುಗಿದ ಮೇಲೆ ಲಾರಿಯವನೊಬ್ಬ ಕ್ಯಾಸೆಟ್ಟಿಗೆ ಸಹಿ ಹಾಕಿಸಿಕೊಳ್ಳಲು ಬಂದ. “ಬೇಜಾರು ಮಾಡ್ಕೋಬೇಡಿ ಸಾರ್,” ಅಂದ, “ಇದರಲ್ಲಿರೋ ಹಾಗೆ ಹಾಡ್ಲಿಲ್ಲ ನೀವು ಇವತ್ತು. ಕೊನೇಲಿ ಮುರೀತೀರಲ್ಲ, ಅದು ಬರ್ಲೇ ಇಲ್ಲ. ವಯಸ್ಸಾಯ್ತಾ?” ಆರ್ಲಿಸ್ ಸಹಿ ಹಾಕಿ ಕೊಟ್ಟ.

ಮಾರನೆಯ ದಿನ ಬಸ್ಸಿನಲ್ಲಿ ಅವನ ತೊಡೆಯ ಮೇಲೆ ಟೇಪ್ ರೆಕಾರ್ಡರ್ ಇತ್ತು. ಹಾಕುತ್ತಾನೆ, ನಿಲ್ಲಿಸುತ್ತಾನೆ, ಸಣ್ಣಗೆ ಗುನುಗುತ್ತಾನೆ. ನಾನು ಹಿಂದಿನ ಸೀಟಿನಲ್ಲಿದ್ದೆ. ತಿರುಗಿ ಕೇಳಿದ —

“ವೆಂಡಲ್, ಇದು ಮೂರನೇ ಸಾಲಲ್ಲಿ ಮುರಿಯುತ್ತೋ, ನಾಲ್ಕರಲ್ಲೋ?”

“ಎರಡರಲ್ಲೂ,” ಅಂದೆ.

“ಹ್ಞೂಂ,” ಅಂದ. ಮತ್ತೆ ಹಾಕಿದ.

ಆ ಹಾಡು ಬರೆದವನು ಕಣ್ರೀ ಅವನು. ಒಂದು ಸಾಲಿಗಾಗಿ ಬಸ್ಸು ನಿಲ್ಲಿಸಿದವನು. ನನ್ನ ಅಣಕವನ್ನು ಕೇಳಿಕೊಂಡು ತನ್ನ ಹಾಡು ಕಲಿಯುತ್ತಿದ್ದ. ‘ಬೇಡ ಆರ್ಲಿಸ್, ಅದನ್ನ ಆಚೆ ಎಸಿ’ ಅಂತ ಹೇಳಬಹುದಿತ್ತು. ಹೇಳಲಿಲ್ಲ. ಜನ ಬರದೆ ಹೋದರೆ, ಬಸ್ಸು ನಿಂತರೆ, ನನ್ನ ಗತಿಯೇನು ಎನ್ನುವ ಚಿಂತೆ ನನಗೆ. ಆಮೇಲೆ ಹದಿನಾರು ವರ್ಷ, ಸಾಯುವವರೆಗೂ, ಅವನು ನನ್ನ ಹಾಗೆಯೇ ಹಾಡಿದ. ನಾನು ಪಕ್ಕದಲ್ಲಿ ನಿಂತು ಎರಡನೆಯ ದನಿ ಕೊಟ್ಟೆ. ನೋವೆಲಾ ಅತ್ತಿಗೆಗೆ ಇದು ಗೊತ್ತಿತ್ತೋ ಇಲ್ಲವೋ, ಕೇಳುವ ಧೈರ್ಯ ನನಗಾಗಲಿಲ್ಲ. ಆದರೆ ಅವರ ಮನೆಯಲ್ಲಿ ಆ ಕ್ಯಾಸೆಟ್ಟನ್ನು ನಾನು ಒಂದು ದಿನವೂ ನೋಡಲಿಲ್ಲ.

ಗುರುವಾರ ಅವನು ತೀರಿಕೊಂಡ. ಶುಕ್ರವಾರ ಬೆಳಿಗ್ಗೆ, ಹೆಣ ಇನ್ನೂ ಮನೆಗೆ ಬಂದಿರಲಿಲ್ಲ, ಕಂಪನಿಯಿಂದ ಫೋನು. “ನೆನಪಿಗೆ ಅಂತ ಮತ್ತೆ ತರ್ತಾ ಇದೀವಿ. ನೀನು ಸುಮ್ನಿದ್ರೆ ಎಲ್ಲರಿಗೂ ಒಳ್ಳೇದು.” ಈಗ ಬಾಗಿಲ ಬಳಿ, ನೀವೆಲ್ಲ ಹೆಸರು ಬರೆದ ಪುಸ್ತಕದ ಪಕ್ಕದಲ್ಲೇ ಮಾರಾಟಕ್ಕಿಟ್ಟ ಕ್ಯಾಸೆಟ್ಟಿನ ನಾಲ್ಕು ಡಬ್ಬ. ಮೇಲೆ ಕೆಂಪು ಚೀಟಿ, ‘ಆರ್ಲಿಸ್‌ನ ಸ್ವಂತ ದನಿಯಲ್ಲಿ’. ಥೂ. ಕ್ಷಮಿಸಿ ಪಾದ್ರಿಗಳೇ — ಆದರೆ ಥೂ. ನೀವು ಕೈಗಡಿಯಾರ ತೋರಿಸಬೇಡಿ ಸ್ವಾಮಿ, ನಾಲ್ಕನೆಯ ಸಾಲಿನವರು. ನಿಮ್ಮ ಮೇಲೆ ಎಷ್ಟು ಹೇಸಿಗೆಯೋ ನನ್ನ ಮೇಲೂ ಅಷ್ಟೇ ಇದೆ. ಸ್ವಲ್ಪ ಹೊತ್ತಿನ ಕೆಳಗೆ ಇಲ್ಲಿ ಅದೇ ಟೇಪು ಹಾಡುತ್ತಿದ್ದಾಗ ನಿಮ್ಮಲ್ಲೊಬ್ಬರು ಕಣ್ಣೊರೆಸಿಕೊಂಡು, “ಆ ದನಿ ಕೇಳಿದ್ರೆ ಕರುಳು ಕಿತ್ತು ಬರುತ್ತೆ ವೆಂಡಲ್,” ಅಂದರು. ನಾನು “ಥ್ಯಾಂಕ್ಸ್” ಅಂದೆ. ಅವನ ಹೆಣದ ಮುಂದೆ ನಿಂತು, ಮೆಚ್ಚುಗೆ ನನಗೇ ಬಂದ ಹಾಗೆ, ಥ್ಯಾಂಕ್ಸ್ ಅಂದೆ.

ಡಾರ್ಸಿ, ಆ ಟೇಪಿನ ಗುಂಡಿಯಿಂದ ಕೈ ತೆಗೆ. ಮೌನದ ನಂತರ ಏನೂ ಬೇಡ.

ನಾಳೆಯದು ನಿನಗೆ ಬಿಟ್ಟದ್ದು, ಟ್ವೈಲಾ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ನೋಡಬೇಡ. ಆದರೆ ಗುಡ್ಡದ ಮೇಲೆ ಹಾಕುವುದೇ ಆದರೆ ಆ ಮೊದಲ ಮೂರರಲ್ಲಿ ಒಂದನ್ನು ಹಾಕು. ಕೆಟ್ಟದಾಗಿದೆ. ಕರಕರ ಅನ್ನುತ್ತದೆ. ಎರಡನೆಯದರಲ್ಲಿ ಕೆಮ್ಮು ಕೂಡ ಇದೆ, ಅಳಿಸಲಿಲ್ಲ ಅವರು. ಆ ಕೆಮ್ಮು ನಿನ್ನ ಅಪ್ಪನದು.

ಈಗ ಎಲ್ಲರೂ ಎದ್ದು ನಿಲ್ಲಿ. ಏಳಲಾಗದವರು ಕೂತೇ ಇರಿ, ಪರವಾಗಿಲ್ಲ. ಟೋಪಿ ತೆಗೆಯಿರಿ. ಎರಡು ನಿಮಿಷ. ನಿಂತಾಗ ನಿಮ್ಮ ಕಿವಿಯಲ್ಲಿ ಅವನ ಹಾಡು ತಾನಾಗಿ ಬರುತ್ತದೆ, ಗೊತ್ತು. ಸಾಲಿನ ಕೊನೆಗೆ ಅದು ಮುರಿದರೆ — ಅದು ನಾನು. ಹೋಗಲಿ ಬಿಡಿ ಅದನ್ನು. ಸ್ವಲ್ಪ ಕಾಯಿರಿ. ಮುರಿಯದೆ, ನೇರವಾಗಿ, ಮಾತಾಡಿದ ಹಾಗೆ ಒಂದು ಸಾಲು ಬರಬಹುದು.

ಅವನು ಬರಲಿ. ನಾನು ಸುಮ್ಮನಾಗುತ್ತೇನೆ.