ಶೇಖಮ್ಮನ ಕೊಡ

ಶಹಾಪುರದ ಹೊರಗಿನ ನಗರಸಭೆಯ ವನದಲ್ಲಿ ತಿರುಗಾಡುತ್ತಿದ್ದವರನ್ನೆಲ್ಲ ಆ ಸಂಜೆಯ ಮಳೆ ಗೇಟಿನ ಪಕ್ಕದ ತಗಡಿನ ಚಪ್ಪರದೊಳಕ್ಕೆ ಅಟ್ಟಿತು. ಚಪ್ಪರ ದಾವಲಬೀಯದು, ತಾಯಿಯ ಕಾಲದಿಂದಲೂ ಅಲ್ಲಿ ಅವರದು ಸೀತಾಫಲದ ವ್ಯಾಪಾರ. ಎಂಬತ್ತು ದಾಟಿದ ಮುದುಕಿ ಬುಟ್ಟಿಗಳನ್ನು ಒಳಗೆಳೆದು, ನೆನೆದು ಬಂದ ಹೆಂಗಸರಿಗೆ ಗೋಣಿತಟ್ಟು ಹಾಸಿಕೊಟ್ಟು, ತಾನೂ ಕುಕ್ಕರುಗಾಲಲ್ಲಿ ಕೂತಳು. ಮಳೆ ಬಿಡುವ ಹಾಗಿರಲಿಲ್ಲ. ಈ ಅಡವಿ ಯಾವ ಕಾಲದ್ದೆಂದು ಯಾರೋ ಕೇಳಿದ್ದೇ ಸಾಕಾಯಿತು.

"ಇದಾ?... ಇದು ಜಹಗೀರದಾರನ ಶಿಕಾರಿ ಅಡವಿ ಇತ್ತವ್ವಾ. ಪೋಲೀಸ್ ಆಕ್ಷನ್ ಆತು, ನಿಜಾಮನ ಆಳ್ವಿಕಿ ಮುಗೀತು, ಜಹಗೀರದಾರ ಗಂಟುಮೂಟಿ ಕಟ್ಟಿ ಹೈದರಾಬಾದಿಗಿ ಹೋದ. ಧಣಿ ಇಲ್ಲದ ಅಡವಿ ಅಂದ್ರ ಕೇಳಬೇಕಾ? ಕೊಡ್ಲಿ ಇದ್ದವರೆಲ್ಲ ಕಡದು ಒಯ್ದರು. ಕಡಿಗಿ ಬಲದಿಯಾದವರು, ಅಂದ್ರ ಈಗಿನ ನಗರಸಭಾದವರು, ಇದು ಊರಿನ ಆಸ್ತಿ ಅಂತ ಬೇಲಿ ಹಾಕಿ ಬೇವಿನ ಸಸಿ ಹಚ್ಚಿಸಿದ್ರು. ನೀರು ಹಾಕಾಕ ಹಳೇ ಕಾವಲಗಾರ ಅಮೋಘಸಿದ್ದನ್ನ ಇಟಗೊಂಡ್ರು. ಅಂವನ ಹೇಣ್ತಿ ಶೇಖಮ್ಮ ಜಹಗೀರದಾರನ ಕಾಲದಾಗ ಇಲ್ಲಿ ಗಿಡಗಳಿಗಿ ನೀರು ಹೊತ್ತು ಹೊತ್ತು ಜ್ವರ ಬಂದು ಸತ್ತಿದ್ಳು. ಅಡವಿ ಬಲದಿಯಾಕ್ಕ ಬಂದ ವರ್ಷ ಅಂವ ಬಾಜೂಕಿನ ಸಗರ ಊರಿಂದ ಅಂಬವ್ವನ್ನ ಮದಿವ್ಯಾಗಿ ಕರಕೊಂಡು ಬಂದ.

"ಅಂಬವ್ವ ಚಂದಾನೂ ಇದ್ಳು, ದುಡಿಯಾಕಿನೂ ಹೌದು. ಆದ್ರ ಸತ್ತ ಸವತಿ ಜೋಡಿ ಬಾಳ್ವಿ ಮಾಡೂದು ಅಂದ್ರ ಏನಂತ ಗೊತ್ತದೇನು ನಿಮಗ? ಬದುಕಿದ್ದಾಕಿ ತಪ್ಪು ಮಾಡ್ತಾಳ, ಜಗಳಾಡ್ತಾಳ, ಮುದಿಕ್ಯಾಗ್ತಾಳ... ಸತ್ತಾಕಿ ಏನೂ ಆಗಂಗಿಲ್ಲ. ಅಂಬವ್ವ ರೊಟ್ಟಿ ಬಡದ್ರ ಶೇಖಮ್ಮನ ರೊಟ್ಟಿ ತೆಳ್ಳಗ ಇರ್ತಿತ್ತು ಅಂತಿದ್ದ ಗಂಡ. ನಕ್ಕರ, ಅಕಿ ಹಿಂಗ ನಗತಿದ್ದಿಲ್ಲ ಅಂತಿದ್ದ.

"ಒಂದಿನ ನಸಿಕಿನ್ಯಾಗ ಅಂಬವ್ವ ಕೊಡ ತಗೊಂಡು ಬಂದು ನೋಡ್ತಾಳ, ಸಸಿಗಳ ಬುಡ ಎಲ್ಲ ಹಸಿ ಹಸಿ. ಹಿಂದ ಬಂದ ಗಂಡ ನೋಡಿ ಹಿಗ್ಗಿದ. 'ಇಷ್ಟು ಲಗೂ ಎದ್ದು ನೀರು ಹಾಕಿದೇನು? ಭೇಷ್!' ಮದಿವ್ಯಾದಾಗಿಂದ ಅಂವ ಹೊಗಳಿದ್ದು ಅದ ಮೊದಲ... ನಾ ಹಾಕಿಲ್ಲ ಅಂತ ಹ್ಯಾಂಗ ಅಂದಾಳು? ಸುಮ್ಮಕ ನಕ್ಕಳು. ಮರುದಿನಾನೂ ಹಂಗ, ಮುಂದಿನ ದಿನಾನೂ ಹಂಗ. ಅಂವ ಸಂತಿಯಿಂದ ಬಳಿ ತಂದ, ಹೂವ ತಂದ. ಆಮ್ಯಾಲ ಒಂದಿನ ಅಕಿ ಕೈ ಹಿಡದು ಅಂದ: 'ನಿನ್ನ ಕೈಗುಣ ಥೇಟ ಶೇಖಮ್ಮಂದ ನೋಡು.'

"ಅಂಬವ್ವ ತನ್ನ ಕೈಯಾಗಿನ ಬಳಿ ನೋಡಕೊಂಡ್ಳು. ತನಗ ಸಿಕ್ಕ ಮಾತು, ತನಗ ಸಿಕ್ಕ ಬಳಿ, ಎಲ್ಲಾ ಯಾರ ದುಡಿಮಿದು ಅಂತ ತಿಳೀತು. ಮರುದಿನ ಬೆಳಕು ಹರಿಯೂಕಿಂತ ಮೊದಲ ಬನ್ನಿ ಗಿಡದ ಹಿಂದ ನಿಂತ್ಳು. ಒಬ್ಬಾಕಿ ಟೊಂಕದ ಮ್ಯಾಲ ಕೊಡ ಇಟಗೊಂಡು ಬಂದ್ಳು. ಹಸಿ ಮಣ್ಣಿನ್ಯಾಗ ನಡದ್ರೂ ಹೆಜ್ಜಿ ಮೂಡವಲ್ಲವು. ಬ್ಯಾರೇದಾಕಿ ಆಗಿದ್ರ ಚೀರಿ ಓಡತಿದ್ಳು. ಅಂಬವ್ವಗ ಅಂಜಿಕಿ ಬರಲಿಲ್ಲ... ಸಿಟ್ಟು ಬಂತು. ಅಡ್ಡ ಹೋಗಿ ನಿಂತ್ಳು. 'ಗಂಡ ನನ್ನಂವ, ಗಿಡ ನನ್ನವು. ನಿಂದಿಲ್ಲಿ ಏನೂ ಉಳದಿಲ್ಲ. ತಾ ಇಲ್ಲಿ ಕೊಡ!' ಅಂದು ಕಸಗೊಂಡ್ಳು.

"ಶೇಖಮ್ಮ ಜಗ್ಯಾಡಲಿಲ್ಲ. ಕೊಟ್ಟುಬಿಟ್ಟಳು. ಬರಿಗೈಲೆ ಅಂಬವ್ವನ ಮನಿ ಕಡಿ ನಡದ್ಳು... ಈಗ ಹೆಜ್ಜಿ ಮೂಡಾಕತ್ತಿದ್ವು.

"ಅಂಬವ್ವ ಗೆದ್ದೆ ಅಂತ ಬೀಗಿ, ಎಲ್ಲಾ ಸಸಿಗೂ ನೀರು ಹಾಕಿ ಮನಿಗಿ ಬಂದ್ಳು. ಕೊಡ ಇಳಸಬೇಕಂದ್ರ ಟೊಂಕ ಬಿಟ್ಟು ಇಳೀವಲ್ಲದು. ಒಳಗ ಒಲಿ ಮುಂದ ಯಾರೋ ಕೂತು ರೊಟ್ಟಿ ಬಡೀಲಿಕತ್ತಾರ. ತಿರುಗಿ ನೋಡಿದ್ರ... ತನ್ನದ ಮಾರಿ, ತನ್ನವ ಬಳಿ. ಗಂಡ ಉಣ್ಣಕೋತ ಅಂದ: 'ಅಂಬವ್ವಾ, ಇವತ್ತ ರೊಟ್ಟಿ ಭಾಳ ತೆಳ್ಳಗ ಆಗ್ಯಾವ.' ಬಾಗಿಲದಾಗಿನ ಅಂಬವ್ವ ಒದರಿದ್ಳು, ಹೊಯ್ಕೊಂಡ್ಳು. ಅಂವ ಎದ್ದು ಅಕಿ ಮೈಯಾಗ ಹಾದು ಹೊರಗ ಬಂದು, ಗಾಳಿ ತಂಪದ ಅಂದ. ಒಳಗಿನಾಕಿ ಬಂದು ಬಾಗಿಲಾ ಮುಚ್ಚಿದ್ಳು.

"ಶೇಖಮ್ಮ ಅಂಬವ್ವನ ಹೆಸರಿಲೆ ಮಕ್ಕಳು ಹಡದ್ಳು, ಮೊಮ್ಮಕ್ಕಳನ್ನ ಕಂಡ್ಳು, ಮುದಿಕ್ಯಾಗಿ ಸತ್ಳು. ಚಲೋ ಹೆಣ್ಮಗಳು. ಚಿಕ್ಕಂದಿನ್ಯಾಗ ನಾ ಅಕಿ ಕೈಲೆ ಊಟ ಉಂಡೀನಿ. ಆದ್ರ ಅಕಿ ಅಡವ್ಯಾಗ ಮಾತ್ರ ಮತ್ತೊಮ್ಮಿ ಕಾಲಿಡಲಿಲ್ಲ."

ತಗಡಿನ ಮೇಲೆ ಮಳೆ ಜೋರಾಯಿತು. ಮೂಲೆಯಲ್ಲಿ ಕೂತಿದ್ದ ಹುಡುಗಿ ಮೆಲ್ಲಗೆ ಕೇಳಿದಳು: "ಇದೆಲ್ಲ ನಿಮಗ ಯಾರು ಹೇಳಿದ್ರು, ಆಯಿ?"

"ಕೊಡ ಹೊತ್ತಾಕಿ ಅಂಬವ್ವಾನ ಹೇಳ್ಯಾಳ, ಮತ್ಯಾರು ಹೇಳ್ತಾರ? ನಸಿಕಿನ್ಯಾಗ ನಾ ಬುಟ್ಟಿ ಹಚ್ಚೂವಾಗ ಬರ್ತಾಳ. ನಿನ್ನೆ ಅಡವ್ಯಾಗ ಯಾವ ಗಂಡ ಹೇಣ್ತಿ ಬಂದಿದ್ರು, ಯಾವಾಕಿ ಮಾರಿ ಗಂಟು ಹಾಕಿದ್ಳು ಅಂತ ಕೇಳ್ತಾಳ. ಕೊಡ ಕಸಗೊಳ್ಳುವಷ್ಟು ಹೊಟ್ಟಿಕಿಚ್ಚು ಇದ್ದಾಕಿ ಬೇಕಲ್ಲ ಅಕೀಗಿ... ನಾ ಯಾರ ಹೆಸರೂ ಹೇಳಂಗಿಲ್ಲ, ಅಂಜಬ್ಯಾಡ್ರಿ. ಆದ್ರ ಮಳಿ ಬಂದ ದಿನ ನೀರು ಹಾಕೂ ಕೆಲಸ ಇರಂಗಿಲ್ಲ ನೋಡ್ರಿ... ಅವತ್ತ ಅಕಿ ನನ್ನ ಕೇಳಂಗಿಲ್ಲ. ತಾನ ಬಂದು, ಒಬ್ಬೊಬ್ಬರ ಮಾರಿ ನೋಡ್ತಾಳ."