ಕತ್ತರಿಯ ಸದ್ದು

ತಲೆ ಬಗ್ಗಿಸೋ... ಇನ್ನೂ! ಹಾಂ, ಈಗ ಬಟ್ಟೆಗೆ ಗಂಟು ಬಿತ್ತು. ನೆಟ್ಟಗೆ ಕೂತ್ಕೋ. ಯಾಕೆ ನಗ್ತೀಯಾ? ಕುರ್ಚಿ ಇಷ್ಟು ಕೆಳಗಿಳಿಸಿದ್ದು ನಿನ್ನ ಒಳ್ಳೇದಕ್ಕೇ ಕಣೋ ಬಾಮೈದ. ಆರಾಮಾಗಿ ಕಾಲು ಚಾಚು.

ಅಂಗಡಿ ಯಾಕೆ ಖಾಲಿ ಅಂತಾನಾ? ಈ ಬಿಸಿಲಲ್ಲಿ ಯಾರಪ್ಪ ಬರ್ತಾರೆ! ನಿಜ ಹೇಳು, ನಿಮ್ಮಕ್ಕ ತಾನೇ ಕಳಿಸಿದ್ದು? "ಕಟಿಂಗ್ ಮಾಡಿಸ್ಕೋ, ಅವರ ಕೈ ಏಳುತ್ತಾ ನೋಡ್ಕೊಂಡು ಬಾ" ಅಂತ? ನೋಡು, ಕಿವಿ ಕೆಂಪಾಯ್ತು! ಕೈ ಏಳದಿದ್ರೆ ಅಂಗಡಿ ಬೇರೆಯವರಿಗೆ ಬಿಟ್ಕೊಡಿ ಅಂತ ಒಂದೇ ಹಠ ಅವಳದು. ಬಿಟ್ಕೊಟ್ಟು? ಮನೇಲಿ ಕೂತು ಅವಳ ಮುಖ ನೋಡ್ಲಾ?

ಕೇಳಿಸ್ತಿದೆಯಾ ಕತ್ತರಿ? ಕಚ್ ಕಚ್ ಕಚ್... ಹೇಳು ಹೋಗಿ ನಿಮ್ಮಕ್ಕಂಗೆ!

ನೋವು ಯಾರಿಗಿಲ್ಲ? ಈ ಕುರ್ಚೀಲಿ ಕೂತವರೆಲ್ಲ ನೋವಿನ ಮೂಟೆಗಳೇ. ಬಸ್ ಡ್ರೈವರ್ರು ಸೊಂಟ ಹಿಡ್ಕೊಂಡು ಕೂರೋವಾಗ ಒಂದ್ಸಲ ಅಯ್ಯೋ, ಏಳೋವಾಗ ಇನ್ನೊಂದ್ಸಲ. ಪಕ್ಕದಂಗಡಿ ಟೈಲರ್‌ಗೆ ತಲೆ ಬಗ್ಗಿಸು ಅನ್ನೋದೇ ಬೇಡ, ಎತ್ತಿಸೋದೇ ಕಷ್ಟ. ಮೇಷ್ಟ್ರಂತೂ ಬೋರ್ಡ್ ಮೇಲೆ ಬರೆದೂ ಬರೆದೂ ಭುಜ ಹೋಗಿ, ಈಗ ಮಕ್ಕಳ ಕೈಲೇ ಬರೆಸ್ತಾರಂತೆ. ಎಲ್ಲರೂ ಹೇಗೋ ತಳ್ಕೊಂಡು ಹೋಗ್ತಿಲ್ವಾ?

ಡಾಕ್ಟರಾ? ಹೋಗಿದ್ದೆ ಮಾರಾಯ. ಭುಜ ಬಿಗಿದುಬಿಟ್ಟಿದೆ, ಕೈ ಮೇಲೆತ್ತಬೇಡಿ ಅಂದ್ರು. ಕ್ಷೌರ ಕಾಲಲ್ಲಿ ಮಾಡ್ಲಾ ಸ್ವಾಮಿ ಅಂದೆ. ನಕ್ರು. ನಾನೂ ನಕ್ಕೆ. ಆಮೇಲೆ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ ಕಣೋ. ಅದನ್ನ ಮಾತ್ರ ಅಕ್ಕಂಗೆ ಹೇಳ್ಬೇಡ.

ನೀನು ಪುಣ್ಯವಂತ. ಪೇಂಟರ್ ಅಂದ್ರೆ ದಿನವಿಡೀ ಕೈ ಮೇಲೇ. ದೊಡ್ಡ ಮನೆ ಛಾವಣಿಗೆ ಬಣ್ಣ ಹೊಡೆಯೋದು ಒಪ್ಕೊಂಡಿದ್ದೀಯಂತೆ? ಭೇಷ್! ಗಟ್ಟಿ ಆಳು ಬಿಡು.

ಅಲ್ಲಾಡ್ಬೇಡ, ಕಿವಿ ಪಕ್ಕ ಇದ್ದೀನಿ. ಕಚ್ ಕಚ್...

ಕನ್ನಡಿ ನೋಡೋ. ಕೆಳಗೇನು ನೋಡ್ತೀಯಾ? ತೊಡೆ ಮೇಲೆ ಏನಿದೆ...

ಓ.

ಬಟ್ಟೆ ನೋಡ್ತಿದ್ದೀಯಾ. ಒಂದು ಕೂದಲೂ ಬಿದ್ದಿಲ್ಲ, ಅಲ್ವಾ?

ಇಷ್ಟು ಹೊತ್ತೂ ಗಾಳೀಲೇ ಆಡಿಸ್ತಿದ್ದೆ ಕಣೋ. ಕೈ ಕಿವಿ ತನಕ ಬರುತ್ತೆ, ಅಲ್ಲಿ ನಡುಗೋಕೆ ಶುರು. ಎಲ್ಲಿ ಚುಚ್ಚಿಬಿಡ್ತೀನೋ ಅಂತ ಭಯ. ಗಿರಾಕಿಗಳು ಬರ್ತಾರೆ, ಬರದೇ ಏನು! ನಾನೇ ಬಾಗಿಲಲ್ಲಿ ನಿಂತು ನಾಳೆ ಬನ್ನಿ, ನಾಳೆ ಬನ್ನಿ ಅಂತ ವಾಪಸ್ ಕಳಿಸ್ತಿದ್ದೀನಿ.

ಬೈಯೋದಾದ್ರೆ ಬೈಯೋ...

ಹೋಗ್ಲಿ. ಇದ್ದದ್ದು ಇದ್ದ ಹಾಗೇ ಹೇಳು ಅವಳಿಗೆ. ನನ್ನ ಕೈಲಿ ಇನ್ನು ಆಗಲ್ಲ. ಗಂಟು ನೀನೇ ಬಿಚ್ಕೋ, ಹಿಂದೆ ಕತ್ತಿನ ಹತ್ರ ಇದೆ. ಬಿಚ್ಚೋ! ಯಾಕೆ, ಕೈ ಅರ್ಧಕ್ಕೇ ನಿಂತ್ಹೋಯ್ತು? ಇನ್ನೊಂದು ಕೈ ಎತ್ತು... ಅದೂನಾ?

ಅಯ್ಯೋ ದೇವರೇ. ಯಾವಾಗಿಂದ? ಮತ್ತೆ ಆ ಛಾವಣಿ ಕೆಲಸ... ಮನೇಲಿ ಯಾರಿಗೂ ಹೇಳಿಲ್ವೇನೋ?

ಬೇಡ ಕಣೋ, ಅಳ್ಬೇಡ. ತಲೆ ಬಗ್ಗಿಸು, ನಾನೇ ಬಿಚ್ತೀನಿ. ಇನ್ನೂ. ಇನ್ನೂ ಬಗ್ಗಿಸೋ...