ರೊಟ್ಟಿ ಬೇರೆ, ಕಸ ಬೇರೆ

ಛೀ ಛೀ ಛೀ! ಅಲ್ಲೇ, ಅಲ್ಲೇ ಇಡು! ಹೊಸಿಲು ದಾಟಿಸಬೇಡ ಕಣೇ ಆ ಕಸದ ಚೀಲಾನ! ನೋಡು, ತಳದಿಂದ ರಸ ಬೇರೆ ಸೋರ್ತಿದೆ... ಯಾ ಅಲ್ಲಾಹ್, ಈಗ ತಾನೇ ಮೆಟ್ಟಿಲು ಒರೆಸಿದ್ದೆ. ಏನು ನಾತ, ಏನು ನಾತ! ನಿನಗೇನೂ ಆಗಲ್ವಾ ಶಾಹಿನಾಜ್? ಮೂಗು ಕೂಡ ಮುಚ್ಕೊಳ್ಳದೆ ನಿಂತಿದ್ದೀಯಲ್ಲ, ಪಕ್ಕದ್ಮನೆ ಮಗು ಎತ್ಕೊಂಡ ಹಾಗೆ!

ಇವತ್ತೂ ಎಸೆದ್ರಾ? ಎಲ್ಲಿ, ಪುದೀನ ಪಾತಿ ಮೇಲಾ? ...ಬೆಂಚಿನ ಮೇಲಾ! ನಿನ್ನೆ ಬಣ್ಣ ಬಳಿದ್ರಲ್ಲ, ಆ ಹೊಸ ಬೆಂಚು? ಥೂ! ಎಸೆದ ಕೈಗೆ ಲಕ್ವ ಹೊಡೀ... ಅಲ್ಲ, ಬೇಡ ಬಿಡು. ಬೆಳಬೆಳಗ್ಗೆ ಶಾಪ ಹಾಕಬಾರದು.

ನನ್ನ ಹತ್ರ ತಂದಿದ್ದು ಒಳ್ಳೇದೇ ಆಯ್ತು. ಈ ಕಟ್ಟಡದ ಮನೆಗಳಿಗೆಲ್ಲ ಹಿರಿಯಳು ನಾನಲ್ದೆ ಇನ್ಯಾರು? ಯಾರಿಗೆ ಹೆರಿಗೆ ಆದ್ರೂ ಝೂಲಿಖಾ ಬೇಕು, ಯಾರು ಸತ್ರೂ ಝೂಲಿಖಾ ಬೇಕು. ಬಾ, ಕೂತ್ಕೋ... ಅಯ್ಯೋ ಆ ಗ್ಲೌಸು! ಆ ಹಳದಿ ಗ್ಲೌಸು ಆಚೆ ಇಡು, ನನ್ನ ಸೋಫಾಕ್ಕೆ ತಾಗಿಸಬೇಡ! ಕೂರಲ್ವಾ? ನಿಂತೇ ಇರ್ತೀಯಾ? ಸರಿ ನಿಂತ್ಕೋ. ಸ್ಕೌಟ್ ಹುಡುಗಿ, ಕತ್ತಿಗೆ ಸ್ಕಾರ್ಫು ಕಟ್ಟಿದ ಮೇಲೆ ಕೂರೋದೇ ಮರೆತುಬಿಟ್ಟಿದ್ದೀಯ.

ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನೀವು ಹುಡುಗೀರು ಮಾಡಿದ್ದು ಸಣ್ಣ ಕೆಲಸ ಅಲ್ಲ. ಆ ಕೆಳಗಿನ ಜಾಗ ಹೇಗಿತ್ತು? ಸತ್ತ ಬೆಕ್ಕು, ಮಕ್ಕಳ ಹೇಲು ಬಟ್ಟೆ, ಮುರಿದ ಕಮೋಡು... ಇಡೀ ಓರಾನ್ ಊರಿನ ಕೊಳಕೆಲ್ಲ ನಮ್ಮ ಕಿಟಕಿ ಕೆಳಗೆ. ನೀವು ಬಂದ್ರಿ, ಬಗ್ಗಿ ಬಗ್ಗಿ ಎತ್ತಿದ್ರಿ. ಮುದುಕೀರು ಕೂರೋಕೆ ಬೆಂಚು, ಮಲ್ಲಿಗೆ ಬಳ್ಳಿ, ಪುದೀನ... ನಿನ್ನ ಅಜ್ಜಿ ಮೊದಲ ದಿನ ಬೆಂಚಲ್ಲಿ ಕೂತು ಅತ್ತಿದ್ದು ನಾನೂ ನೋಡಿದೀನಿ ಕಣೇ, ಇದೇ ಕಿಟಕಿಯಿಂದ. ಆಮೇಲೆ ನೀನು! ಬೇಕರಿಗೆ ಹೋದ್ರೆ ಬಾಯಿ ಬಿಟ್ಟು ಕೇಳೋಕೆ ನಾಚ್ಕೋತಿದ್ದ ಹುಡುಗಿ, ಈಗ ಹನ್ನೆರಡು ಜನ ಹುಡುಗೀರ್ನ ಕಣ್ಣಲ್ಲೇ ಕುಣಿಸ್ತೀಯ.

ಯಾಕೆ ನಗ್ತೀಯ? ಸುಳ್ಳಾ ನಾನು ಹೇಳಿದ್ದು? ಆ ಕಾಫಿ ಅಂಗಡಿ ಮುಂದೆ ಕೂರೋ ಅಬ್ದುಲ್ಲಾನ ಕಥೆ ಊರಿಗೆಲ್ಲ ಗೊತ್ತು. ಸಿಗರೇಟು ತುಂಡು ಪಾತಿಗೆ ಬಿಸಾಕಿದ. ನೀನು ಬೈದ್ಯಾ? ಇಲ್ಲ. ಕೂಗಿದ್ಯಾ? ಇಲ್ಲ. ಗ್ಲೌಸು ಬಿಚ್ಚಿ ಅವನ ಮುಂದೆ ಚಾಚಿ ನಿಂತ್ಬಿಟ್ಟೆಯಂತೆ. ತುಟಿ ಪಿಟಕ್ಕನ್ನದೆ! ಅವನು ತಮಾಷೆ ಮಾಡಿದ, ಬೈದ, ಫೋನ್ ತೆಗೆದು ಕಿವಿಗಿಟ್ಕೊಂಡ... ನೀನು ನಿಂತೇ ಇದ್ದೆಯಂತೆ. ಕೊನೆಗೆ ಅಷ್ಟು ದೊಡ್ಡ ಮೀಸೆ ಗಂಡಸು, ಗ್ಲೌಸು ಹಾಕ್ಕೊಂಡು ಬಗ್ಗಿ ತನ್ನ ತುಂಡು ತಾನೇ ಎತ್ತಿದ! ಇಡೀ ಕಾಫಿ ಅಂಗಡಿ ನೋಡ್ತಿತ್ತಂತೆ. ಅಂಥ ಮಾನಗೇಡು ಶತ್ರೂಗೂ ಬೇಡ. ನಾನಾಗಿದ್ರೆ ಆ ಬೀದೀಲಿ ಮತ್ತೆ ಮುಖ ತೋರಿಸ್ತಿರ್ಲಿಲ್ಲ.

ಆದ್ರೆ ಕೇಳು... ಇದು ನಿಲ್ಲಲ್ಲ ಕಣೇ. ಜನ ಅಂದ್ರೆ ಕೊಳಕು. ಕೊಳಕು, ಕೊಳಕು, ಕೊಳಕು! ನೀವು ಗುಡಿಸ್ತಾನೇ ಇರ್ತೀರಿ, ಅವರು ಎಸೀತಾನೇ ಇರ್ತಾರೆ. ಇವತ್ತು ಮಧ್ಯಾಹ್ನ ನಗರಸಭೆಯವರು ನೋಡೋಕೆ ಬರ್ತಾರೆ ಅಲ್ವಾ? ಚೊಕ್ಕಟವಾಗಿದ್ರೆ ಜಾಗ ನಿಮ್ಮದು, ಇಲ್ದೇ ಇದ್ರೆ ಗಾಡಿ ನಿಲ್ಲಿಸೋಕೆ ಬಿಟ್ಟುಬಿಡ್ತಾರೆ... ಅಷ್ಟೇ ತಾನೇ ಮಾತು? ನೀನೇ ಮೊದ್ಲು ಹೋಗಿ ಹೇಳಿಬಿಡು: ನಮ್ಮ ಕೈಲಿ ಆಗಲ್ಲ ಸಾರ್, ಜನ ಬಿಡಲ್ಲ ಅಂತ. ಅದರಲ್ಲಿ ಅವಮಾನ ಏನಿದೆ? ಮುಂದಿನ ವರ್ಷ ಪರೀಕ್ಷೆ ಇದೆ, ಓದ್ಕೋ.

ಏನು? ಹುವಾರಿ ವ್ಯಾನಾ? ಅದ್ಯಾಕೆ ಈಗ ನನ್ನ ಮಗನ ವ್ಯಾನಿನ ಮಾತು? ಹೌದು, ಮೊದ್ಲು ಅಲ್ಲೇ ನಿಲ್ಲಿಸ್ತಿದ್ದ. ನೀವು ಬೇಲಿ ಹಾಕಿದ ಮೇಲೆ ರಸ್ತೆ ಮೇಲೆ ನಿಲ್ಲಿಸ್ತಾನೆ. ಮೊನ್ನೆ ಯಾವನೋ ಕನ್ನಡಿ ಮುರಿದು ಹೋದ. ನನ್ನ ಮಗ ತರಕಾರಿ ಮಾರಿ ಬದುಕೋನು, ಆ ವ್ಯಾನೇ ಅವನ ಅನ್ನ... ನಾನು ಏನಾದ್ರೂ ಅಂದ್ನಾ? ಒಂದು ಮಾತು ಅಂದ್ನಾ? ಮಕ್ಕಳು ಏನೋ ಒಳ್ಳೇದು ಮಾಡ್ತಿದಾರೆ ಅಂತ ನುಂಗ್ಕೊಂಡೆ.

ನನ್ನ ಕೇಳಿದ್ರೆ ಇದು ಮೇಲ್ಮನೆ ದಹ್ಬಿಯಾದೇ ಕೆಲಸ. ತಲೆ ಅಲ್ಲಾಡಿಸಬೇಡ! ನಿನಗೇನು ಗೊತ್ತು? ಮೊನ್ನೆ ಮೆಟ್ಟಿಲಲ್ಲಿ ಸಿಕ್ಕಾಗ 'ಯಾರೋ ಕಸ ಎಸೀತಾರಂತೆ' ಅಂತ ಸುಮ್ನೆ ಅಂದೆ. 'ನಾನಲ್ಲಪ್ಪಾ' ಅಂದ್ಳು. ನಾನು ಅವಳ ಹೆಸರು ಎತ್ತಿದ್ನಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ! ಅವಳ ಅಡುಗೆಮನೆ ನೋಡಿದೀಯಾ? ಜಿರಳೆಗಳು ಸಂಸಾರ ಮಾಡ್ಕೊಂಡಿವೆ. ಅವಳು ರೊಟ್ಟೀನೂ ಕಸದ ಜೊತೆಗೇ ಹಾಕ್ತಾಳೆ, ಗೊತ್ತಾ? ಹೌದು ಕಣೇ! ನನ್ನ ಕಣ್ಣಾರೆ ನೋಡಿದೀನಿ, ಅರ್ಧ ರೊಟ್ಟಿ, ಮೊಟ್ಟೆ ಸಿಪ್ಪೆ ಜೊತೆ! ರೊಟ್ಟೀನ! ನನ್ನ ಅಮ್ಮ, ದೇವರು ಅವಳಿಗೆ ಸ್ವರ್ಗ ಕೊಡಲಿ, ದಾರೀಲಿ ಚೂರು ರೊಟ್ಟಿ ಬಿದ್ದಿದ್ರೂ ಎತ್ತಿ, ಮುತ್ತಿಟ್ಟು, ಯಾರೂ ತುಳೀದ ಕಡೆ ಇಟ್ಟು ಬರ್ತಿದ್ಳು. ನಾನೂ ಹಾಗೇ. ಒಣಗಿದ್ದು ಬೇರೆ ಚೀಲ, ಗೇಟಿನ ಮೊಳೆಗೆ ನೇತು ಹಾಕಿದ್ರೆ ಕುರಿಯವನು ಬಂದು ಒಯ್ತಾನೆ. ಎಂಥ ಕಳ್ಳ ಕೂಡ ಅಷ್ಟು ಮಾಡ್ತಾನೆ. ರೊಟ್ಟಿ ಬಿಸಾಕೋ ಹೆಂಗಸು ಹೆಂಗಸೇ ಅಲ್ಲ. ಥೂ, ನೆನೆಸ್ಕೊಂಡ್ರೇ ವಾಕರಿಕೆ ಬರತ್ತೆ.

ಏನಂದೆ? ...ಮೆಲ್ಲಗೆ ಹೇಳಿದ್ರೆ ಕೇಳಲ್ಲ ನಂಗೆ. ರೊಟ್ಟಿನಾ? ಈ ಚೀಲದಲ್ಲಿ ರೊಟ್ಟಿ ಇದ್ರೆ ಏನು ಮಾಡೋದು ಅಂತನಾ?

ನಗರಸಭೆಯವರ ಮುಂದೆ ಬಿಚ್ಚಿ ಸುರೀತೀರಾ? ಎಲ್ಲರ ಮುಂದೆ? 'ಈ ಕಟ್ಟಡದ ಹೆಂಗಸೊಬ್ಬಳು ರೊಟ್ಟೀನ ಮೀನಿನ ಕರುಳಿನ ಜೊತೆ ಎಸೆದಿದ್ದಾಳೆ' ಅಂತನಾ? ...ಅಯ್ಯೋ, ಅದೆಂಥ ಮಾತು! ಇಮಾಮರ ಕಿವಿಗೆ ಬಿದ್ರೆ? ನಾಳೆ ಒಬ್ರಾದ್ರೂ ಅವಳ ಮನೆ ಕಾಫಿ ಮುಟ್ತಾರಾ? ಬೇಡ ಕಣೇ. ಇದರಲ್ಲಿ ರೊಟ್ಟಿ ಇಲ್ಲ. ಇಲ್ಲ ಅಂದ್ರೆ ಇಲ್ಲ!

ಯಾಕಾ? ಯಾಕೆ ಅಂದ್ರೆ... ಯಾರೇ ಎಸೆದಿರಲಿ, ಅಷ್ಟು ನೀಚಳಲ್ಲ ಅವಳು! ಬೂತಾಯಿ ಮೀನಿನ ತಲೆ ಇರಬಹುದು, ಕರುಳು ಇರಬಹುದು, ಕಲ್ಲಂಗಡಿ ಸಿಪ್ಪೆ, ಕಾಫಿ ಚರಟ, ಏನು ಬೇಕಾದ್ರೂ ಇರಬಹುದು. ರೊಟ್ಟಿ ಮಾತ್ರ ಇರಲ್ಲ! ದೇವರಾಣೆ ಇರಲ್ಲ! ಒಂದೊಂದು ಚೂರೂ ಆರಿಸಿ, ಉಫ್ ಅಂತ ಧೂಳು ಊದಿ, ಮುತ್ತಿಟ್ಟು, ಬೇರೆ ಚೀಲಕ್ಕೆ ಹಾಕಿ, ಕೆಳಗೆ ಹೋಗಿ ಮೊಳೆಗೆ ನೇತು ಹಾಕಿ ಬಂದ ಮೇಲೇ ಇದನ್ನ...

ಇದನ್ನ...

ಯಾಕೆ ಹಾಗೆ ನೋಡ್ತೀಯ? ಚೀಲ ಯಾಕೆ ನೋಡ್ತೀಯ? ...ಗಂಟು. ನೀನು ಗಂಟೇ ಬಿಚ್ಚಿಲ್ವಾ?

ಏನಾದ್ರೂ ಅನ್ನೇ. ಬಾಯಿ ಬಿಟ್ಟು ಬಯ್ಯೇ! ಝೂಲಿಖಾ ಚಿಕ್ಕಮ್ಮ ಹಿಂಗೆ ಅಂತ ಮೆಟ್ಟಿಲಲ್ಲಿ ನಿಂತು ಕೂಗು, ದಹ್ಬಿಯಾನೂ ಬಂದು ಉಗೀಲಿ. ನೋಡು, ನಾನು ಮಗನಿಗೋಸ್ಕರ... ಅವನು ಊಟ ಬಿಟ್ಟು ಮಲಗಿದ್ದ ಕಣೇ, ಆ ಕನ್ನಡಿ ಮುರಿದ ದಿನ... ನಿನಗೆ ಅರ್ಥ ಆಗುತ್ತಲ್ವಾ? ಅಲ್ವಾ? ತಲೆಯಾದ್ರೂ ಅಲ್ಲಾಡಿಸು.

ಏನು ಮಾಡ್ತಿದೀಯ? ಕೈಯಿಂದ ಗ್ಲೌಸು ಯಾಕೆ ಬಿಚ್ತಿದೀಯ?

ಬೇಡ. ಶಾಹಿನಾಜ್, ಬೇಡ ಮಗಳೇ... ನಾನು ನಿನ್ನ ಅಜ್ಜಿ ಗೆಳತಿ ಕಣೇ. ಆ ಗ್ಲೌಸು ನನ್ನ ಕಡೆ ಚಾಚಬೇಡ. ಕೆಳಗೆ ಹುಡುಗೀರೆಲ್ಲ ಇದ್ದಾರೆ... ಬೆಂಚಿನ ಹತ್ರ ನಿನ್ನ ಅಜ್ಜಿನೂ ನಿಂತಿದಾಳೆ.